ಎರಡು ನಗರಗಳ ನಡುವಣ ಹಾದಿ

ಬೆಂಗಳೂರು ಮತ್ತು ಮೈಸೂರು ಕನ್ನಡನಾಡಿನ ಎರಡು ಹಿರಿಯ ನಗರಗಳು. ಒಂದು ರಾಜ್ಯದ ರಾಜಧಾನಿ. ಇನ್ನೊಂದು ಹಿಂದೊಮ್ಮೆ ರಾಜಧಾನಿಯಾಗಿದ್ದು, ಆ ಗತ್ತನ್ನು ಇಂದಿಗೂ ಬಿಟ್ಟುಕೊಡದ ಊರು. ರೈಲುಹಾದಿಯ ಅಳತೆಯಲ್ಲಿ ಇವೆರಡರ ನಡುವಣ ಅಂತರ ಸುಮಾರು 139 ಕಿಲೋಮೀಟರುಗಳು. ಆದರೆ ಪ್ರಯಾಣಕ್ಕೆ ಹೊರಟವನು ಅಂತರವನ್ನು ಕಿಲೋಮೀಟರುಗಳಿಂದ ಅಳೆಯುವುದು ಅಪರೂಪ. ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಹಣ ತಗಲುತ್ತದೆ, ಕುಳಿತುಕೊಳ್ಳಲು ಜಾಗ ಸಿಗುತ್ತದೆಯೆ, ಹೋದ ಕೆಲಸ ಮುಗಿಸಿ ರಾತ್ರಿಯೊಳಗೆ ಮನೆ ಸೇರಬಹುದೆ ಎಂಬುವೇ ಅವನ ಅಳತೆಗೋಲುಗಳು. ಈ ಅಳತೆಗೋಲುಗಳನ್ನು ಹಿಡಿದು ನೋಡಿದರೆ ಒಂದೇ ಹಾದಿ ಒಬ್ಬೊಬ್ಬರಿಗೆ ಒಂದೊಂದು ಉದ್ದವಾಗಿ ತೋರುವುದು ಸಹಜವೇ ಆಗಿದೆ.

ರೈಲು ಬರುವುದಕ್ಕೆ ಮೊದಲು ಜನರು ಈ ಹಾದಿಯನ್ನು ಎತ್ತಿನ ಗಾಡಿಗಳಲ್ಲಿಯೂ ಕಾಲ್ನಡಿಗೆಯಿಂದಲೂ ಕ್ರಮಿಸುತ್ತಿದ್ದರು. ಭಾರ ಹೊತ್ತ ಗಾಡಿಯ ಎತ್ತುಗಳು ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ನಡೆದರೆ ಅದೇ ಹೆಚ್ಚು. ಆ ಲೆಕ್ಕದಲ್ಲಿ ಬೆಂಗಳೂರಿನಿಂದ ಹೊರಟವರು ಚಾಮುಂಡಿ ಬೆಟ್ಟವನ್ನು ಕಾಣಲು ಐದು ದಿನಗಳಾದರೂ ಬೇಕಾಗುತ್ತಿದ್ದುವು. ರಾತ್ರಿ ತಂಗಲು ಛತ್ರ, ಬಾಯಾರಿದವರಿಗೆ ಅರವಟ್ಟಿಗೆ, ಬಿಸಿಲಿಗೆ ಸಾಲುಮರಗಳ ನೆರಳು, ಇಷ್ಟು ಇದ್ದರೆ ಅದು ಒಳ್ಳೆಯ ಹಾದಿ ಎನಿಸಿಕೊಳ್ಳುತ್ತಿತ್ತು.

1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಭೀಕರವಾದ ಕ್ಷಾಮ ಆವರಿಸಿತು. ಮಳೆಯಿಲ್ಲದೆ ಬೆಳೆ ಒಣಗಿದುದು ಒಂದು ಕಷ್ಟವಾದರೆ, ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಅದನ್ನು ಸಾಗಿಸಲು ಉಪಾಯವಿಲ್ಲದಿದ್ದುದು ಅದಕ್ಕಿಂತ ದೊಡ್ಡ ಕಷ್ಟವಾಯಿತು. ಮೂಟೆಗಳನ್ನು ಎಳೆಯಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಬಿದ್ದು ಸಾಯುತ್ತಿದ್ದಾಗ ಗಾಡಿಗಳಿದ್ದೂ ಪ್ರಯೋಜನವೇನು? ಹಸಿದವರಿಗೆ ಕೂಲಿ ದೊರೆಯಲಿ, ಮುಂದಿನ ಬರಗಾಲಕ್ಕೆ ನಾಡು ಇಷ್ಟು ನಿಸ್ಸಹಾಯಕವಾಗದಿರಲಿ ಎಂಬ ಎರಡು ಉದ್ದೇಶಗಳಿಂದ ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ರೈಲುಹಾದಿಯ ಕೆಲಸವನ್ನು ಕ್ಷಾಮ ಪರಿಹಾರದ ಕಾಮಗಾರಿಯಾಗಿ ಕೈಗೊಳ್ಳಲಾಯಿತು. 1881ರಲ್ಲಿ ಸಂಸ್ಥಾನವು ಒಡೆಯರ ಮನೆತನಕ್ಕೆ ಹಿಂದಿರುಗಿ, ರಂಗಾಚಾರ್ಲು ಅವರು ದಿವಾನರಾದರು. ಅದೇ ವರ್ಷ ಹಳಿಗಳು ಮದ್ದೂರನ್ನು ಮುಟ್ಟಿದುವು. 1882ರಲ್ಲಿ ಹೊಗೆಬಂಡಿ ಮೈಸೂರನ್ನು ತಲಪಿತು. ಇಂದು ಗಾಡಿಯ ಕಿಟಕಿಯ ಬಳಿ ನಿಶ್ಚಿಂತೆಯಿಂದ ಕುಳಿತು ಕಬ್ಬಿನ ಗದ್ದೆಗಳನ್ನು ನೋಡುತ್ತ ಹೋಗುವವರಲ್ಲಿ, ತಮ್ಮ ಕೆಳಗಿನ ಈ ದಿಣ್ಣೆಗೆ ಹಸಿವಿನಿಂದ ಬಳಲಿದ ಸಾವಿರಾರು ಮಂದಿ ಮಣ್ಣು ಹೊತ್ತರೆಂಬ ಸಂಗತಿ ಎಷ್ಟು ಜನರಿಗೆ ನೆನಪಿದ್ದೀತು!

ರೈಲುಹಾದಿಯ ಮುಖ್ಯ ಗುಣವೆಂದರೆ ಅದು ನಿಲ್ಲುತ್ತ ಹೋದುದು. ಕೆಂಗೇರಿ, ಹೆಜ್ಜಾಲ, ಬಿಡದಿ, ರಾಮನಗರ, ಚನ್ನಪಟ್ಟಣ, ಶೆಟ್ಟಿಹಳ್ಳಿ, ಮದ್ದೂರು, ಹನಕೆರೆ, ಮಂಡ್ಯ, ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಇವೆಲ್ಲ ನಿಲ್ದಾಣಗಳಾದುವು. ಗಾಡಿ ನಿಂತಲ್ಲಿ ಸಂತೆ ಬೆಳೆಯಿತು. ರೇಷ್ಮೆಗೂಡು, ಬೆಲ್ಲ, ತೆಂಗಿನಕಾಯಿಗಳ ವ್ಯಾಪಾರ ಹಬ್ಬಿತು. ಮದ್ದೂರಿನ ವಡೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು 1917ರಲ್ಲಿ ಒಂದು ದಿನ, ಗಾಡಿ ಎಂದಿಗಿಂತ ಮೊದಲೇ ಬಂದಾಗ ಬೋಂಡ ಕರಿಯಲು ಸಮಯವಿಲ್ಲದೆ, ಕೈಯಲ್ಲಿದ್ದ ಹಿಟ್ಟನ್ನು ತಟ್ಟಿ ಕರಿದರೆಂದೂ, ಅದೇ ಮದ್ದೂರು ವಡೆಯಾಯಿತೆಂದೂ ಜನ ಹೇಳುತ್ತಾರೆ. ಕಥೆಯಲ್ಲಿ ಎಷ್ಟು ನಿಜವೋ, ಎಷ್ಟು ಒಗ್ಗರಣೆಯೋ! ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿಗಳು ಸೇರಿದ ಆ ಗರಿಗರಿಯಾದ ತಿಂಡಿ ಗಾಡಿ ನಿಲ್ಲುವ ಎರಡು ನಿಮಿಷಗಳಿಂದಲೇ ಹುಟ್ಟಿ ಬೆಳೆದುದು ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಮೀಟರ್ ಗೇಜ್ ಹಾದಿ 1990ರ ದಶಕದ ಆರಂಭದಲ್ಲಿ ಬ್ರಾಡ್ ಗೇಜ್ ಆಯಿತು. ಆಮೇಲೆ ಜೋಡಿ ಹಳಿಗಳನ್ನು ಹಾಕುವ ಕೆಲಸ ಸ್ವಲ್ಪಸ್ವಲ್ಪವಾಗಿ ಸಾಗಿತು. ಶ್ರೀರಂಗಪಟ್ಟಣದಲ್ಲಿ ಅದು ಬಹುಕಾಲ ತಡೆದು ನಿಂತಿತು. ಟಿಪ್ಪು ಸುಲ್ತಾನನ ಕಾಲದ ಮದ್ದಿನಮನೆಯೊಂದು ಹೊಸ ಹಳಿಯ ಜಾಗದಲ್ಲಿಯೇ ಇದ್ದುದು ಇದಕ್ಕೆ ಕಾರಣ. ಕಟ್ಟಡವನ್ನು ಕೆಡಹುವಂತಿಲ್ಲ, ಹಾದಿಯನ್ನು ಬಳಸಿ ಒಯ್ಯಲು ಎಡೆಯಿಲ್ಲ. ಕಡೆಗೆ 2017ರಲ್ಲಿ ಆ ಕಟ್ಟಡವನ್ನು ತಳಪಾಯದೊಡನೆ ಮೇಲಕ್ಕೆತ್ತಿ, ಇಟ್ಟಿಗೆ ಸಡಿಲವಾಗದಂತೆ ಬೇರೊಂದು ಜಾಗಕ್ಕೆ ಸರಿಸಿ ಇರಿಸಿದರು. ಹಳೆಯದನ್ನು ಉಳಿಸಿಕೊಂಡೇ ಹೊಸದಕ್ಕೆ ದಾರಿ ಬಿಡಬಹುದೆಂಬುದಕ್ಕೆ ಇಂಥ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ. ಅದೇ ವರ್ಷ ಹಾದಿಗೆ ವಿದ್ಯುತ್ತೂ ಬಂದಿತು.

ಈಗ ಈ ಹಳಿಗಳ ಮೇಲೆ ಹಲವು ಬಗೆಯ ಗಾಡಿಗಳು ಓಡುತ್ತವೆ. 2022ರ ನವೆಂಬರ್ 11ರಂದು ಚೆನ್ನೈ ಮತ್ತು ಮೈಸೂರುಗಳ ನಡುವೆ ವಂದೇ ಭಾರತ್ ಗಾಡಿ ಆರಂಭವಾಯಿತು. ದಕ್ಷಿಣ ಭಾರತಕ್ಕೆ ಅದೇ ಮೊದಲನೆಯದು. ಬೆಂಗಳೂರು ಬಿಟ್ಟರೆ ಮೈಸೂರಿನಲ್ಲಿಯೇ ನಿಲ್ಲುವಂತೆ ಅದರ ವೇಳಾಪಟ್ಟಿಯನ್ನು ರಚಿಸಲಾಗಿತ್ತು. ಪ್ರಯಾಣಕ್ಕೆ ಹಿಡಿಯುತ್ತಿದ್ದ ಕಾಲ ಎರಡು ಗಂಟೆ. ಸಾಧಾರಣ ಎಕ್ಸ್‌ಪ್ರೆಸ್ ಗಾಡಿಗಳಿಗೆ ಎರಡೂವರೆಯಿಂದ ಮೂರು ಗಂಟೆ ಬೇಕು. ಎಲ್ಲ ನಿಲ್ದಾಣಗಳಲ್ಲಿಯೂ ನಿಂತು ಹೋಗುವ ಮೆಮು ಗಾಡಿಗೆ ಇನ್ನೂ ಹೆಚ್ಚು. ಆದರೂ ನಿತ್ಯ ಓಡಾಡುವವರ ಪಾಲಿಗೆ ಬೆಲೆಯುಳ್ಳ ಗಾಡಿ ಅತಿ ವೇಗದ್ದಲ್ಲ. ಬೆಳಗ್ಗೆ ಮೈಸೂರು ಬಿಟ್ಟು ಕಚೇರಿಯ ಹೊತ್ತಿಗೆ ಬೆಂಗಳೂರು ಸೇರುವ ಚಾಮುಂಡಿ ಎಕ್ಸ್‌ಪ್ರೆಸ್ಸು. ಗುಮಾಸ್ತರು, ಉಪಾಧ್ಯಾಯರು, ಕಾರ್ಖಾನೆಯ ನೌಕರರು, ವಿದ್ಯಾರ್ಥಿಗಳು ಮೈಸೂರು, ಮಂಡ್ಯ, ಮದ್ದೂರು, ಚನ್ನಪಟ್ಟಣಗಳಲ್ಲಿ ಅದನ್ನು ಹತ್ತುತ್ತಾರೆ. ರೈಲ್ವೆಯವರು 150 ಕಿಲೋಮೀಟರುಗಳವರೆಗಿನ ದೂರಕ್ಕೆ ತಿಂಗಳ ಪಾಸು ಕೊಡುತ್ತಾರೆ. ಮೈಸೂರು ಆ ಮಿತಿಯೊಳಗೇ ಬರುವುದರಿಂದ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯಲಾರದ ಎಷ್ಟೋ ಸಂಸಾರಗಳು ಹುಟ್ಟಿದ ಊರಿನಲ್ಲಿಯೇ ಉಳಿದಿವೆ. ವಂದೇ ಭಾರತ್ ಗಾಡಿಯಲ್ಲಿ ಈ ಪಾಸು ನಡೆಯದು. ಆದುದರಿಂದ ಚಾಮುಂಡಿ ಗಾಡಿ ಹತ್ತು ನಿಮಿಷ ತಡವಾದರೆ ಹಾಜರಿ ಪುಸ್ತಕಗಳಲ್ಲಿ ಎಷ್ಟೋ ಹೆಸರುಗಳ ಮುಂದೆ ಕೆಂಪು ಗುರುತು ಬೀಳುವುದುಂಟು.

ರೈಲು ಹಳಿ ಹೋದ ಕಡೆಗೆ ಮಾತ್ರ ಹೋಗುತ್ತದೆ. ಬಸ್ಸು ಊರ ಬಾಗಿಲಿಗೆ ಬರುತ್ತದೆ. ಮೈಸೂರು ಸರ್ಕಾರವು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಇಂದು ಈ ಹಾದಿಯಲ್ಲಿ ಕೆಂಪು ಬಣ್ಣದ ವೇಗದೂತ ಬಸ್ಸುಗಳಿಂದ ಹಿಡಿದು ರಾಜಹಂಸ, ಐರಾವತಗಳವರೆಗೆ ಬಗೆಬಗೆಯ ವಾಹನಗಳಿವೆ. 2023ರ ಜನವರಿಯಿಂದ ವಿದ್ಯುತ್ತಿನ ಬಸ್ಸುಗಳೂ ಸಂಚರಿಸತೊಡಗಿದುವು. ಅದೇ ವರ್ಷದ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರು ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣ ಮಾಡುವಂತಾಯಿತು. ಅಲ್ಲಿಂದ ಮುಂದೆ ಹೆಂಗಸರ ಪಾಲಿಗೆ ಬಸ್ಸು ರೈಲುಗಳ ಹೋಲಿಕೆಯೇ ಬದಲಾಗಿಹೋಯಿತು. ತವರಿಗೆ ಹೋಗಲು ವರ್ಷಕ್ಕೊಮ್ಮೆ ಹಣ ಕೂಡಿಸುತ್ತಿದ್ದವಳು ಈಗ ಹಬ್ಬಕ್ಕೂ ಹೋಗುತ್ತಾಳೆ, ತಾಯಿಗೆ ಜ್ವರ ಬಂದರೂ ಹೋಗುತ್ತಾಳೆ.

ಬಸ್ಸುಗಳಲ್ಲಿಯೂ ಒಂದು ಭೇದ ಹುಟ್ಟಿದೆ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಯಾವ ದಿನ ನಿಂತು ನೋಡಿದರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಕೈಯಲ್ಲಿ ಚೀಲ ಹಿಡಿದ ಮುದುಕಿಯೊಬ್ಬಳು ಹೊರಡುತ್ತಿರುವ ಬಸ್ಸಿನ ಬಾಗಿಲ ಬಳಿ ಬಂದು ಕೇಳುತ್ತಾಳೆ:

“ಚನ್ನಪಟ್ಟಣಕ್ಕೆ ಹೋಗ್ತದೇನಪ್ಪ?”

“ಇಲ್ಲ ಅಜ್ಜಿ, ಇದು ತಡೆರಹಿತ. ಊರೊಳಕ್ಕೆ ಹೋಗಲ್ಲ.”

“ಮೈಸೂರಿಗೆ ಹೋಗೋದು ಚನ್ನಪಟ್ಟಣದ ಮೇಲೇ ಅಲ್ವೇನಪ್ಪ?”

“ಪಕ್ಕದಲ್ಲಿ ಹೋಗ್ತದೆ ಅಜ್ಜಿ, ಒಳಗೆ ಹೋಗಲ್ಲ. ಅಲ್ಲಿ ನಿಂತಿದೆಯಲ್ಲ ಕೆಂಪು ಬಸ್ಸು, ಅದಕ್ಕೆ ಹತ್ಕೊಳ್ಳಿ.”

ಕಂಡಕ್ಟರನದು ತಪ್ಪಲ್ಲ, ಮುದುಕಿಯ ಪ್ರಶ್ನೆಯೂ ತಪ್ಪಲ್ಲ. ಅವಳು ಕಂಡಿದ್ದ ಹಾದಿ ಬೇರೆ, ಈಗಿರುವ ಹಾದಿ ಬೇರೆ.

ಹಳೆಯ ಮೈಸೂರು ರಸ್ತೆ ಪ್ರತಿಯೊಂದು ಪಟ್ಟಣದ ನಡುಬೀದಿಯನ್ನು ಹಾದುಹೋಗುತ್ತಿತ್ತು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಅಗಲ ಮಾಡಿ ನಾಲ್ಕು ಪಥಗಳ ರಸ್ತೆಯನ್ನಾಗಿ ಮಾಡಿದಾಗಲೇ ಸಾಲುಮರಗಳಲ್ಲಿ ಬಹುಪಾಲು ಉರುಳಿದುವು. ವಾಹನಗಳು ಹೆಚ್ಚಿದಂತೆ ಆ ಅಗಲವೂ ಸಾಲದಾಯಿತು. ಮೂರು ಗಂಟೆಯ ಪ್ರಯಾಣ ಶನಿವಾರ ಭಾನುವಾರಗಳಲ್ಲಿ ನಾಲ್ಕೈದು ಗಂಟೆಗೆ ಬೆಳೆಯುತ್ತಿತ್ತು. ಆಗ ಕೈಗೊಂಡ ಕೆಲಸವೇ ಇಂದಿನ ಹೆದ್ದಾರಿ. ಅದರ ಉದ್ದ ಸುಮಾರು 118 ಕಿಲೋಮೀಟರು. ವೆಚ್ಚ ಸುಮಾರು 8,480 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಅದರ ಉದ್ಘಾಟನೆ ನಡೆಯಿತು. ನಡುವೆ ಆರು ಪಥಗಳು, ಎರಡು ಪಕ್ಕಗಳಲ್ಲಿ ಎರಡೆರಡು ಪಥಗಳ ಸೇವಾರಸ್ತೆಗಳು, ಹೀಗೆ ಒಟ್ಟು ಹತ್ತು ಪಥಗಳು. ಬಿಡದಿ, ರಾಮನಗರ ಮತ್ತು ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇವುಗಳನ್ನೆಲ್ಲ ಹೊರಗಿನಿಂದಲೇ ಬಳಸಿಕೊಂಡು ಅದು ಮುಂದೆ ಸಾಗುತ್ತದೆ. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುವುದೆಂದು ಆಗ ಸಾರಲಾಯಿತು.

ಈ 75 ನಿಮಿಷಗಳ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಹೆದ್ದಾರಿಯ ಮೇಲೆ ಅನುಮತಿಸಿರುವ ವೇಗದ ಮಿತಿ ಗಂಟೆಗೆ 100 ಕಿಲೋಮೀಟರು. ಆ ವೇಗದಲ್ಲಿ 118 ಕಿಲೋಮೀಟರು ಓಡಲು 71 ನಿಮಿಷ ಬೇಕು. ಮಾತು ಅಲ್ಲಿಗೆ ಸರಿಯೇ. ಆದರೆ ಯಾರೂ ಹೆದ್ದಾರಿಯ ಒಂದು ತುದಿಯಲ್ಲಿ ವಾಸಮಾಡುವುದಿಲ್ಲ, ಇನ್ನೊಂದು ತುದಿಯಲ್ಲಿ ಯಾರಿಗೂ ಕೆಲಸವಿರುವುದಿಲ್ಲ. ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡಿನವನು ಕಾರಿನಲ್ಲಿ ನಗರವನ್ನು ದಾಟಿ ಕೆಂಗೇರಿಯನ್ನು ಹಿಂದಿಕ್ಕುವಷ್ಟರಲ್ಲಿ, ಅಲ್ಲಿಂದ ಮುಂದೆ ಮೈಸೂರಿಗೆ ಹಿಡಿಯುವಷ್ಟೇ ಹೊತ್ತು ಕಳೆದುಹೋಗಿರುವುದುಂಟು. 2023ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೊ ಅದೇ ವೈಟ್‌ಫೀಲ್ಡಿನಿಂದ ಕೆಂಗೇರಿಯಾಚೆಯ ಚಲ್ಲಘಟ್ಟದವರೆಗೂ ಓಡತೊಡಗಿದುದು ಹಲವರಿಗೆ ಉಪಕಾರವಾಗಿದೆ. ಮೆಟ್ರೊ ಹಿಡಿದು ನಗರದ ರೈಲು ನಿಲ್ದಾಣಕ್ಕೆ ಬಂದು ಗಾಡಿ ಹತ್ತುವವನು, ಕಾರಿನವನಿಗಿಂತ ಹೆಚ್ಚು ತಡವಾಗಿ ಮೈಸೂರನ್ನು ಸೇರುವನೆಂದು ಹೇಳಲಾಗದು.

ಇನ್ನೊಂದು ಲೆಕ್ಕವನ್ನೂ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. 100ರ ಬದಲು 80 ಕಿಲೋಮೀಟರು ವೇಗದಲ್ಲಿ ಹೋದರೆ ಇಡೀ ಹೆದ್ದಾರಿಯ ಮೇಲೆ ಹೆಚ್ಚಾಗಿ ತಗಲುವ ಕಾಲ 18 ನಿಮಿಷಕ್ಕೂ ಕಡಮೆ. ಆದರೆ ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 100ರ ವೇಗದಲ್ಲಿರುವ ವಾಹನ 80ರ ವೇಗದಲ್ಲಿರುವುದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚಿನ ಶಕ್ತಿಯಿಂದ ಡಿಕ್ಕಿ ಹೊಡೆಯುತ್ತದೆ. ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹೆದ್ದಾರಿ ತೆರೆದ ಮೊದಲ ತಿಂಗಳುಗಳಲ್ಲಿ ಪತ್ರಿಕೆಗಳಲ್ಲಿ ಅಪಘಾತದ ಸುದ್ದಿಯಿಲ್ಲದ ದಿನಗಳು ಕಡಮೆಯಾಗಿದ್ದುವು. ಬಳಿಕ ಪೋಲೀಸರು ವೇಗವನ್ನು ಅಳೆಯುವ ಕ್ಯಾಮರಾಗಳನ್ನು ಹಾಕಿಸಿ ದಂಡ ವಿಧಿಸತೊಡಗಿದರು. ಸಾವಿನ ಸಂಖ್ಯೆ ಇಳಿಯಿತು.

2023ರ ಆಗಸ್ಟ್ 1ರಿಂದ ಮುಖ್ಯ ಪಥಗಳ ಮೇಲೆ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್, ಎತ್ತಿನ ಗಾಡಿಗಳು ಬರಕೂಡದೆಂದು ಆಜ್ಞೆಯಾಯಿತು. ಪ್ರಾಣರಕ್ಷಣೆಯ ದೃಷ್ಟಿಯಿಂದ ಇದು ಒಳ್ಳೆಯ ನಿಯಮವೇ. ಆದರೆ ಹಾದಿಗಾಗಿ ಹೊಲ ಬಿಟ್ಟುಕೊಟ್ಟವನು ಆ ಹಾದಿಯಲ್ಲಿ ತನ್ನ ಟ್ರ್ಯಾಕ್ಟರನ್ನು ಓಡಿಸುವಂತಿಲ್ಲ. ಬೈಕಿನಲ್ಲಿ ಹೋಗುವವನು ಸೇವಾರಸ್ತೆಯ ಹಳ್ಳತಿಟ್ಟುಗಳನ್ನು ದಾಟಿಕೊಂಡು ಹೋಗಬೇಕು. ಹೊಲ ಹಾದಿಯ ಆ ಪಕ್ಕಕ್ಕೂ ಮನೆ ಈ ಪಕ್ಕಕ್ಕೂ ಉಳಿದುಹೋದ ರೈತನ ಪಾಡನ್ನು ಕೇಳಬೇಕೆ? ಎದುರಿಗೆ ಕಾಣುವ ತೋಟಕ್ಕೆ ನೀರು ಕಟ್ಟಲು ಅವನು ಕೆಳಸೇತುವೆ ಎಲ್ಲಿದೆಯೆಂದು ಹುಡುಕಿಕೊಂಡು ದೂರ ನಡೆಯಬೇಕು. ತಾಳ್ಮೆಗೆಟ್ಟ ಕೆಲವರು ಬೇಲಿಯ ಸಂದಿನಿಂದ ನುಸುಳಿ ಓಡಿದುದೂ ಉಂಟು, ಅವರಲ್ಲಿ ಕೆಲವರು ಆಚೆಯ ಪಕ್ಕವನ್ನು ಸೇರದೆ ಹೋದುದೂ ಉಂಟು. ಮಳೆನೀರಿನ ಹರಿವಿನ ವಿಷಯದಲ್ಲಿಯೂ ಪಾಠ ಕಲಿಯಬೇಕಾಯಿತು. 2022ರ ಆಗಸ್ಟಿನ ಮಳೆಗೆ ರಾಮನಗರದ ಬಳಿ ಹೊಸ ರಸ್ತೆ ಕೆರೆಯಂತಾಗಿ ಕಾರು ಬಸ್ಸುಗಳು ನೀರಿನಲ್ಲಿ ಮುಳುಗಿ ನಿಂತುವು. ನೀರಿಗೂ ತನ್ನದೇ ಹಳೆಯ ಹಾದಿಗಳಿರುತ್ತವೆ. ಅವುಗಳ ನಡುವೆ ದಿಣ್ಣೆ ಕಟ್ಟಿದರೆ ಅದು ಎಲ್ಲಿಗೆ ಹೋಗಬೇಕು?

ವಿಮಾನದ ಮಾತನ್ನೂ ಇಲ್ಲಿ ಹೇಳಿ ಮುಗಿಸಬಹುದು. ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. ಅಲ್ಲಿಂದ ಬೆಂಗಳೂರಿಗೆ ವಿಮಾನಗಳು ಹಾರತೊಡಗಿದುದೂ ಆಮೇಲೆ ನಿಂತುಹೋದುದೂ ಒಂದಕ್ಕಿಂತ ಹೆಚ್ಚು ಬಾರಿ ನಡೆದಿದೆ. ಇದು ಆಶ್ಚರ್ಯವಲ್ಲ. ಬೆಂಗಳೂರಿನ ವಿಮಾನ ನಿಲ್ದಾಣ 2008ರಿಂದ ನಗರದ ಉತ್ತರಕ್ಕೆ ದೇವನಹಳ್ಳಿಯ ಬಳಿ ಇದೆ. ಮೈಸೂರು ಇರುವುದು ನೈರುತ್ಯಕ್ಕೆ. ಅರ್ಧ ಗಂಟೆ ಹಾರಲು ಮೊದಲೂ ಕಡೆಗೂ ಸೇರಿ ಮೂರು ಗಂಟೆ ಕಳೆಯುವ ಪ್ರಯಾಣವನ್ನು ಜನ ಒಪ್ಪಲಿಲ್ಲ. ಪರದೇಶಕ್ಕೆ ಹೋಗುವ ಮೈಸೂರಿನವರು ದೇವನಹಳ್ಳಿಗೆ ಫ್ಲೈಬಸ್ಸಿನಲ್ಲಿಯೇ ಹೋಗುತ್ತಾರೆ.

ಹೀಗೆ ಎಲ್ಲವನ್ನೂ ತೂಗಿ ನೋಡುವಾಗ ಒಂದು ಸಂಗತಿ ಮರೆತುಹೋಗುತ್ತದೆ. ಹೋಲಿಕೆ ಯಾವಾಗಲೂ ಬೆಂಗಳೂರಿನಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ. ನಡುವಣ ಊರುಗಳು ಆ ತಕ್ಕಡಿಯಲ್ಲಿ ಇಲ್ಲವೇ ಇಲ್ಲ. ಚನ್ನಪಟ್ಟಣದ ಬೊಂಬೆಗಳನ್ನು ಹಾಲೆ ಮರದಿಂದ ಕಡೆದು, ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಹಳೆಯ ರಸ್ತೆಯ ಅಂಚಿನ ಅಂಗಡಿಗಳಲ್ಲಿ ಅವು ಸಾಲಾಗಿ ತೂಗಾಡುತ್ತಿದ್ದುವು. ಮಗು ಕಾರಿನೊಳಗಿನಿಂದ ಅದನ್ನು ಕಂಡು ಹಟಮಾಡುತ್ತಿತ್ತು, ತಂದೆ ಗಾಡಿ ನಿಲ್ಲಿಸುತ್ತಿದ್ದ. ಈಗ ಮೇಲಿನ ಹಾದಿಯಲ್ಲಿ ಹೋಗುವ ಮಗುವಿಗೆ ಬೊಂಬೆ ಕಾಣುವುದಿಲ್ಲ. ಕಂಡರೂ ನಿಲ್ಲಿಸಲು ತಂದೆಗೆ ಎಡೆಯಿಲ್ಲ. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ ಮತ್ತು ಎಳನೀರು ಮಾರುತ್ತಿದ್ದವರ ಪಾಡೂ ಅದೇ. ಪಟ್ಟಣದೊಳಗಿನ ನೂಕುನುಗ್ಗಲು, ಹೊಗೆ, ಮಕ್ಕಳು ಶಾಲೆಗೆ ರಸ್ತೆ ದಾಟುವಾಗಿನ ಭಯ ಇವು ಕಡಮೆಯಾದುದೂ ನಿಜ. ಮಂಡ್ಯದ ಪೇಟೆಬೀದಿಯವರನ್ನು ಕೇಳಿದರೆ ಒಬ್ಬನು ನಿಟ್ಟುಸಿರು ಬಿಡುತ್ತಾನೆ, ಪಕ್ಕದ ಮನೆಯ ತಾಯಿ ನೆಮ್ಮದಿಯ ಉಸಿರು ಬಿಡುತ್ತಾಳೆ.

ಜಾಗದ ಲೆಕ್ಕವನ್ನು ಹಿಡಿದರೆ ತೀರ್ಪು ಸುಲಭ. ಒಂದು ಬಸ್ಸಿನ ಐವತ್ತು ಮಂದಿ ಕಾರುಗಳಲ್ಲಿ ಇಬ್ಬಿಬ್ಬರಂತೆ ಹೊರಟರೆ ಇಪ್ಪತ್ತೈದು ಕಾರುಗಳಾಗುತ್ತವೆ. ಒಂದು ಉದ್ದನೆಯ ರೈಲುಗಾಡಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಂದೇ ಸಲಕ್ಕೆ ಒಯ್ಯುತ್ತದೆ. ಅದಕ್ಕೆ ಬೇಕಾದುದು ಎರಡು ಹಳಿಗಳಷ್ಟು ಅಗಲದ ನೆಲ. ಮನೆಮಂದಿಯೆಲ್ಲ ಹಾಸಿಗೆ ಪಾತ್ರೆಗಳೊಡನೆ ಹೊರಟಾಗ, ರೋಗಿಯನ್ನು ಕರೆದೊಯ್ಯುವಾಗ ಕಾರಿಗೆ ಸಾಟಿಯಿಲ್ಲ. ಒಬ್ಬೊಬ್ಬನೇ ಕಾರಿನಲ್ಲಿ ಕುಳಿತು ಹೋಗುವುದಕ್ಕೆ ಮಾತ್ರ ಅಂಥ ಸಮರ್ಥನೆ ಸಿಗುವುದಿಲ್ಲ. ಇದನ್ನು ತಿಳಿದೂ ಜನ ಕಾರನ್ನು ಬಿಡದಿರುವುದಕ್ಕೆ ಕಾರಣ ಸೋಮಾರಿತನವೊಂದೇ ಅಲ್ಲ. ಬೇಕಾದ ಹೊತ್ತಿಗೆ ಗಾಡಿಯಿಲ್ಲದಿರುವುದು, ಇದ್ದರೂ ಕಾಲಿಡಲು ಜಾಗವಿಲ್ಲದಿರುವುದು, ನಿಲ್ದಾಣದಿಂದ ಮನೆಗೆ ಹೋಗಲು ಸೌಕರ್ಯವಿಲ್ಲದಿರುವುದು ಇವನ್ನೂ ಎಣಿಸಬೇಕು. ಹಳಿಗಳು ಜೋಡಿಯಾಗಿವೆ, ವಿದ್ಯುತ್ತೂ ಬಂದಿದೆ. ಎಲ್ಲ ಊರುಗಳಲ್ಲಿಯೂ ನಿಂತು ಹೋಗುವ ಗಾಡಿಗಳ ಸಂಖ್ಯೆಯನ್ನು ಹೆಚ್ಚಿಸಬೇಕೆಂದು ನಿತ್ಯ ಪ್ರಯಾಣಿಕರು ಕೇಳುತ್ತಲೇ ಇದ್ದಾರೆ.

ಸಂಜೆ ಬೆಂಗಳೂರನ್ನು ಬಿಟ್ಟ ಗಾಡಿ ಕೆಂಗೇರಿಯಲ್ಲಿ ಇನ್ನಷ್ಟು ತುಂಬುತ್ತದೆ. ಬೆಳಗ್ಗೆ ಎದ್ದುಬಂದವರು ಕಿಟಕಿಗೆ ತಲೆಯೊರಗಿಸಿ ತೂಕಡಿಸುತ್ತಾರೆ. ಕೆಲವರು ನಿಂತುಕೊಂಡೇ ಮಾತನಾಡುತ್ತಾರೆ. ರಾಮನಗರದ ಬಂಡೆಗಳು ಕತ್ತಲೆಯಲ್ಲಿ ಹಿಂದೆ ಸರಿಯುತ್ತವೆ. ದೂರದಲ್ಲಿ ಹೆದ್ದಾರಿಯ ದೀಪಗಳ ಸಾಲು ಕಾಣುತ್ತದೆ, ಮರೆಯಾಗುತ್ತದೆ. ಮದ್ದೂರಿನಲ್ಲಿ ವಡೆಯ ಬುಟ್ಟಿ ಹೊತ್ತವರು ಮೇಲೇರಿ ಬರುತ್ತಾರೆ. ಮಂಡ್ಯ ಬಂದಾಗ ಅರ್ಧ ಗಾಡಿ ಬರಿದಾಗುತ್ತದೆ. ಅಲ್ಲಿಯವರೆಗೂ ನಿಂತಿದ್ದ ಮೈಸೂರಿನವರಿಗೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ.